ಯಂತ್ರದೊಳಗಿನ ಭೂತ: ಒಂದು ಲೆಕ್ಕದ ಪಾಠ



ಪಾಳಿ ಮುಗಿಸಿ ಬಂದ ತರುಣರು ಈಚೆಗೆ ಮೊಬೈಲಿನಲ್ಲಿ ಒಂದು ಬಗೆಯ ಭಯದ ಚಿತ್ರಗಳನ್ನು ನೋಡುವುದುಂಟು. ಸವೆದ ವಿಡಿಯೊ ಟೇಪಿನಂತೆ ನಡುಗುವ ಚಿತ್ರ, ಕರಕರ ಸದ್ದು, ನಡುವೆ ಸರ್ಕಾರಿ ಪ್ರಕಟಣೆಯಂಥ ಎಚ್ಚರಿಕೆ. ಇದಕ್ಕೆ 'ಅನಲಾಗ್ ಹಾರರ್' ಎಂದು ಹೆಸರು. ಅಮೆರಿಕದ ಕ್ರಿಸ್ ಸ್ಟ್ರಾಬ್ ಎಂಬವರು 2015ರಲ್ಲಿ ಆರಂಭಿಸಿದ 'ಲೋಕಲ್ 58' ಚಿತ್ರಮಾಲೆಯಿಂದ ಈ ಪದ್ಧತಿ ಪ್ರಸಿದ್ಧವಾಯಿತು. ನಾಣ್ಯ ಹಾಕಿ ಆಡುತ್ತಿದ್ದ ಹಳೆಯ ಯಂತ್ರಗಳ ಆಟಗಳನ್ನೂ ಅಭಿಮಾನಿಗಳು ಹೀಗೆಯೇ ಭಯಾನಕವಾಗಿ ತಿರುಗಿಸಿ ಹೇಳುತ್ತಾರೆ. 'ಪ್ಯಾಕ್-ಮ್ಯಾನ್' ಅವುಗಳಲ್ಲೊಂದು. "ಆ ಯಂತ್ರದಲ್ಲಿ ನಿಜವಾಗಿ ಏನಾದರೂ ಇತ್ತೇ?" ಎಂದು ಕೇಳುವವರಿಗಾಗಿ ಈ ಪಾಠ.

ಆಟ ಎಂಥದು? ಜಪಾನಿನ ನಾಮ್ಕೊ ಸಂಸ್ಥೆಯ ತೋರು ಇವಾತಾನಿ ಇದನ್ನು ರಚಿಸಿದರು; 1980ರಲ್ಲಿ ಹೊರಬಂದಿತು. ಹೆಂಗಸರೂ ಬಂದು ಆಡಲೆಂದು ಭೂತಗಳನ್ನು ಮುದ್ದಾಗಿಯೇ ಚಿತ್ರಿಸಿದರು. ಹಳದಿ ಬಾಯೊಂದು ಓಣಿಗಳಲ್ಲಿ ಓಡಾಡಿ 244 ಚುಕ್ಕಿಗಳನ್ನು ತಿಂದರೆ ಒಂದು ಹಂತ ಮುಗಿಯುತ್ತದೆ. ನಾಲ್ಕು ಭೂತಗಳು ಬೆನ್ನಟ್ಟುತ್ತವೆ.

256ನೆಯ ಹಂತದಲ್ಲಿ ಪರದೆಯ ಬಲ ಅರ್ಧವೆಲ್ಲ ಕೆಟ್ಟು, ಅಕ್ಷರ ಅಂಕಿಗಳ ಚೂರುಗಳು ತುಂಬಿಬಿಡುತ್ತವೆ. ಕಾರಣವೇನು?

ಹಂತದ ಸಂಖ್ಯೆಯನ್ನು ಯಂತ್ರವು ಎಂಟು ಮನೆಗಳಲ್ಲಿ ಬರೆದಿಡುತ್ತದೆ. ಪ್ರತಿ ಮನೆಯಲ್ಲೂ 0 ಅಥವಾ 1 ಮಾತ್ರ. ಆದ್ದರಿಂದ ಸೊನ್ನೆಯಿಂದ 255ರವರೆಗೆ ಮಾತ್ರ ಎಣಿಕೆ. ಮೂರಂಕಿಯ ಮೀಟರು 999 ಆದ ಮೇಲೆ 000ಕ್ಕೆ ಮರಳುವಂತೆ, ಇಲ್ಲಿ 255ಕ್ಕೆ ಒಂದು ಕೂಡಿಸಿದರೆ ಸೊನ್ನೆ. ಮೊದಲ ಹಂತಕ್ಕೆ ಯಂತ್ರದ ಲೆಕ್ಕದಲ್ಲಿ ಸೊನ್ನೆ, 256ನೆಯದಕ್ಕೆ 255. ಪರದೆಯ ಕೆಳಗೆ ಹಂತ ಸೂಚಿಸುವ ಹಣ್ಣುಗಳನ್ನು ಬರೆಯಲು ಯಂತ್ರವು ಇದಕ್ಕೆ ಒಂದನ್ನು ಕೂಡಿಸುತ್ತದೆ. "ಒಂದು ಹಣ್ಣು ಬರೆ, ಲೆಕ್ಕದಲ್ಲಿ ಒಂದು ಕಳೆ, ಸೊನ್ನೆಯಾದರೆ ನಿಲ್ಲು" ಎಂಬುದು ಅದಕ್ಕಿರುವ ಅಪ್ಪಣೆ. ಸೊನ್ನೆಯಿಂದಲೇ ಹೊರಟರೆ ಒಂದು ಕಳೆದಾಗ 255! ಏಳಕ್ಕೆ ಮೀರದ ಹಣ್ಣುಗಳ ಬದಲು 256 ಬರೆಯಲು ಹೊರಡುತ್ತದೆ. ಹಣ್ಣಿನ ಪಟ್ಟಿ ಮುಗಿದರೂ ಬಿಡದೆ, ಮುಂದೆ ಸಿಕ್ಕಿದ್ದನ್ನೆಲ್ಲ ಹಣ್ಣೆಂದೇ ಬರೆಯುತ್ತದೆ. ತಿನ್ನಲು ಸಾಕಷ್ಟು ಚುಕ್ಕಿಗಳು ಉಳಿಯದ ಕಾರಣ ಹಂತ ಮುಗಿಯುವುದೇ ಇಲ್ಲ.

ಅರ್ಧ ಮನೆ ಕುಸಿದಿದೆ, ಹೊರಗೆ ದಾರಿಯಿಲ್ಲ, ಭೂತಗಳು ಮಾತ್ರ ಕೆಲಸ ಬಿಟ್ಟಿಲ್ಲ. ಭಯದ ಕಥೆ ಕಟ್ಟಲು ಇಷ್ಟು ಸಾಕಲ್ಲವೇ? ಕಟ್ಟುವವರ ಜಾಣ್ಮೆಯನ್ನು ಮೆಚ್ಚೋಣ. ಆದರೆ ಹಳೆಯ ಟೇಪಿನ ವೇಷವನ್ನು ಸಾಕ್ಷಿ ಎಂದು ತಿಳಿಯಬಾರದು. ಕಾಗದ ಹಳದಿಯಾಗಿದೆ, ಮೇಲೆ ಮೊಹರಿದೆ ಎಂದ ಮಾತ್ರಕ್ಕೆ ಕಚೇರಿಯಲ್ಲಿ ಲೆಕ್ಕವನ್ನು ಒಪ್ಪುತ್ತೇವೆಯೇ? ಕೂಡಿಸಿ ನೋಡಿಯೇ ಸಹಿ ಹಾಕುತ್ತೇವೆ. ಮೊಬೈಲಿಗೆ ಬರುವ ಎಲ್ಲ ಎಚ್ಚರಿಕೆಗಳಿಗೂ ಇದೇ ನಿಯಮ.

ಅಭ್ಯಾಸ: ಎಂಟರ ಬದಲು ನಾಲ್ಕೇ ಮನೆಗಳಿದ್ದರೆ ಯಂತ್ರವು ಎಲ್ಲಿಯವರೆಗೆ ಎಣಿಸೀತು? (ಉತ್ತರ: 15.)