ಕಾಗಿಣೆಗೆ ಎಣ್ಣೆ ಬಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಕಾರ್ಖಾನೆ ಮುಖ್ಯಸ್ಥರು, ತಹಶೀಲ್ದಾರರು, ಪಿಡಿಒಗಳು ಮತ್ತು ಹೊಳೆದಂಡೆಯ ಎಲ್ಲ ಊರಿನವರ ಗಮನಕ್ಕೆ.

ಎಣ್ಣೆ ಸೋರಿಕೆ ಎಂದರೆ ಸಮುದ್ರದ ಸುದ್ದಿ ಎಂದುಕೊಂಡು ಕುಳಿತವರು ನಾವು. 2006ರ ಮೇ 30ರಂದು ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದ ಹತ್ತಿರ ಬಂಡೆಗೆ ಬಡಿದು ಒಡೆದಾಗ ಅದರಲ್ಲಿ ಸುಮಾರು 650 ಟನ್ ಇಂಧನ ತೈಲವಿತ್ತು. ಮಳೆಗಾಲ ಶುರುವಾಗಿತ್ತು, ಎಣ್ಣೆ ಗೋವಾದ ದಂಡೆವರೆಗೆ ಹರಿಯಿತು. ಆದರೆ ಅಲ್ಲಿ ಕರಾವಳಿ ಕಾವಲು ಪಡೆ ಇತ್ತು. ಸಮುದ್ರದ ಎಣ್ಣೆಗೆಂದೇ 1996ರಿಂದ ರಾಷ್ಟ್ರೀಯ ಯೋಜನೆಯೂ ಇದೆ. ಕಾಗಿಣೆ ಹೊಳೆಗೆ ಕಾವಲು ಪಡೆಯ ಹಡಗುಗಳು ಬರುವುದಿಲ್ಲ. ಇಲ್ಲಿ ಇರುವವರು ನಾವೇ: ಕಾರ್ಖಾನೆಯವರು, ಸರ್ಕಾರದವರು, ದಂಡೆಯವರು.

ಎಣ್ಣೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿಗೆ ಹೇಳುವುದು ಇಷ್ಟು. ವಾಡಿ, ಮಳಖೇಡ, ಸೇಡಂ, ಕೋಡ್ಲಾ, ಇಟಗಾ, ಛತ್ರಸಾಲ, ಎಲ್ಲ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಭಟ್ಟಿ ಹೊತ್ತಿಸಲು ಡೀಸೆಲ್ ಅಥವಾ ಫರ್ನೇಸ್ ಆಯಿಲ್ ಬೇಕು. ಗಣಿಯ ಡಂಪರ್‌ಗಳಿಗೆ ಡೀಸೆಲ್ ಬೇಕು. ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಎಣ್ಣೆ ಇರುತ್ತದೆ. ಕಲ್ಲಿದ್ದಲಿನ ಜೊತೆ ಭಟ್ಟಿಯಲ್ಲಿ ಸುಡಲು ಬೇರೆ ಕೈಗಾರಿಕೆಗಳ ರಾಸಾಯನಿಕ ತ್ಯಾಜ್ಯವನ್ನೂ ತರಿಸುವುದುಂಟು. ಅದರ ಮೇಲೆ ವಾಡಿ ಜಂಕ್ಷನ್. 1874ರಲ್ಲಿ ಸಿಕಂದರಾಬಾದಿಗೆ ಹಳಿ ಹಾಕಿದಂದಿನಿಂದ ಇದು ಸರಕಿನ ದಾರಿ. ಇದರಲ್ಲಿ ಯಾವುದು ಎಲ್ಲಿ ಸೋರಿದರೂ ಹಳ್ಳ ಹಿಡಿಯುತ್ತದೆ. ಮುಲ್ಲಾಮಾರಿ, ಬೆಣ್ಣೆತೊರೆ ಕಾಗಿಣೆಗೆ ಸೇರುತ್ತವೆ, ಕಾಗಿಣೆ ಹೊನಗುಂಟಾದಲ್ಲಿ ಭೀಮೆಗೆ ಸೇರುತ್ತದೆ, ಅಲ್ಲಿಂದ ಕೆಳಗೆ ಸನ್ನತಿ, ಯಾದಗಿರಿ. ಸೇಡಂನಲ್ಲಿ ಬಿದ್ದ ಎಣ್ಣೆ ಸೇಡಂನಲ್ಲಿ ನಿಲ್ಲುವುದಿಲ್ಲ.

ಒಂದು ಮಳೆಗಾಲದಲ್ಲಿ ನಾನು ಕಂಡದ್ದನ್ನು ಹೇಳಿ ಮುಂದಿನ ಮಾತಿಗೆ ಹೋಗುತ್ತೇನೆ. ಬೆಳಿಗ್ಗೆ ಹಳ್ಳದ ನೀರಿನ ಮೇಲೆ ನವಿಲುಗರಿ ಬಣ್ಣದ ಪದರ. ಹತ್ತಿರ ಹೋದರೆ ಡಾಂಬರಿನಂಥ ಕಪ್ಪು ಉಂಡೆಗಳು ಲಕ್ಕಿ ಗಿಡದ ಬುಡಕ್ಕೆ ಅಂಟಿದ್ದವು. ನೀರಿಗಿಳಿದು ಬಂದ ಎಮ್ಮೆಯ ಕೆಚ್ಚಲವರೆಗೆ ಕಪ್ಪು. ಮನೆಯಾಕೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. “ಎಷ್ಟ್ ತಿಕ್ಕಿದ್ರೂ ಹೋಗವಲ್ದು ನೋಡ್ರಿ ಅಣ್ಣಾರ, ಕರಾ ಬಾಯಿ ಹಚ್ಚವಲ್ದು” ಎಂದಳು. ಎರಡು ದಿನದ ಮೇಲೆ ಕಾರಣ ತಿಳಿಯಿತು. ಎಣ್ಣೆ ಟ್ಯಾಂಕಿನ ಸುತ್ತ ಕಟ್ಟುವ ಕಟ್ಟೆಗೆ ಮಳೆನೀರು ಬಿಡಲು ಒಂದು ವಾಲ್ವ್ ಇರುತ್ತದೆ. ನೀರು ಬಿಟ್ಟವರು ಅದನ್ನು ಮುಚ್ಚಲು ಮರೆತಿದ್ದರು. ಅದೇ ರಾತ್ರಿ ಪೈಪಿನ ಜೋಡಣೆ ಸೋರಿತು. ಗೇಟಿನಲ್ಲಿ ಕೇಳಿದವರಿಗೆ ಮೊದಲ ದಿನ ಸಿಕ್ಕ ಉತ್ತರ, “ನಮ್ಮದಲ್ಲ.” ಆ ಒಂದು ಉತ್ತರಕ್ಕೆ ಎರಡು ದಿನ ಹೋಯಿತು. ಆ ಎರಡು ದಿನ ಕೆಳಗಿನ ಊರಿನವರು ಅದೇ ನೀರು ತುಂಬಿದರು.

ಕಾರ್ಖಾನೆಯವರಿಗೆ

ಮೊದಲು ಹೇಳಿ, ಆಮೇಲೆ ಒರೆಸಿ. ಸೋರಿದ್ದು ಗೊತ್ತಾದ ಕೂಡಲೇ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಲಬುರಗಿ ಕಚೇರಿಗೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ (1077), ಕೆಳದಂಡೆಯ ಪಂಚಾಯಿತಿಗಳಿಗೆ ಫೋನ್ ಹೋಗಬೇಕು, ಹಿಂದೆಯೇ ಲಿಖಿತ ಪತ್ರ ಹೋಗಬೇಕು. ಇದು ಸೌಜನ್ಯವಲ್ಲ. 1974ರ ಜಲ ಕಾಯ್ದೆಯ 31ನೇ ಕಲಂ, ಅಪಘಾತದಿಂದ ಹೊಳೆಗೆ ಮಾಲಿನ್ಯ ಬಿದ್ದರೆ, ಬೀಳುವ ಸಂಭವವಿದ್ದರೂ, ಉಸ್ತುವಾರಿ ಹೊಂದಿದವರು ತಕ್ಷಣ ತಿಳಿಸಬೇಕು ಎನ್ನುತ್ತದೆ. ಮುಖ್ಯ ಕಚೇರಿಯ ಒಪ್ಪಿಗೆ ಬರಲಿ ಎಂದು ಕಾಯಬಾರದು. ಕಾಯ್ದೆಯಲ್ಲಿ ಹಾಗೆಂದು ಬರೆದಿಲ್ಲ.

ಸೋರಿದ ಅಳತೆ ತಗ್ಗಿಸಿ ಹೇಳಬಾರದು. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಬಿಪಿ ಕಂಪನಿಯ ಬಾವಿ ಸಿಡಿದು 11 ಕಾರ್ಮಿಕರು ಸತ್ತರು. ಮೊದಲ ದಿನಗಳಲ್ಲಿ ದಿನಕ್ಕೆ 1,000 ಬ್ಯಾರಲ್ ಸೋರುತ್ತಿದೆ ಎಂದರು. ಆಮೇಲೆ 5,000 ಎಂದರು. ಕೊನೆಗೆ ಸರ್ಕಾರದ ತಜ್ಞರ ಲೆಕ್ಕದಲ್ಲಿ ಅದು 50,000 ದಾಟಿತು. ಬಾವಿ ಮುಚ್ಚಲು 87 ದಿನ ಬೇಕಾಯಿತು. ಸಣ್ಣ ಅಂಕಿ ಹೇಳಿದರೆ ಸಿದ್ಧತೆಯೂ ಸಣ್ಣದಾಗುತ್ತದೆ. ಟ್ಯಾಂಕಿನ ಮಟ್ಟ ನಿನ್ನೆ ಎಷ್ಟಿತ್ತು, ಇಂದು ಎಷ್ಟಿದೆ ಎಂಬ ಪುಸ್ತಕ ನಿಮ್ಮ ಸ್ಟೋರಿನಲ್ಲೇ ಇದೆ. ಅದರ ಪ್ರತಿ ಕೊಡಿ.

ಹಳ್ಳದಲ್ಲೇ ತಡೆಯಬೇಕು, ಹೊಳೆಗೆ ಬಿಟ್ಟ ಮೇಲೆ ಬೆನ್ನು ಹತ್ತಬಾರದು. ಮರಳು ಚೀಲಗಳ ಒಡ್ಡು ಹಾಕಿ, ಅದರೊಳಗೆ ದಪ್ಪ ಪೈಪ್ ಇಡಿ. ಪೈಪಿನ ಒಳಬಾಯಿ ನೀರಿನ ತಳದ ಹತ್ತಿರ, ಹೊರಬಾಯಿ ಅದಕ್ಕಿಂತ ಎತ್ತರದಲ್ಲಿ. ಕೆಳಗಿನ ನೀರು ಹರಿದು ಹೋಗುತ್ತದೆ, ಮೇಲೆ ತೇಲುವ ಎಣ್ಣೆ ಒಡ್ಡಿನ ಹಿಂದೆ ನಿಲ್ಲುತ್ತದೆ. ಒಡ್ಡಿನ ಮುಂದೆ ಜೋಳದ ಕಣಿಕೆಯ ಸಿವುಡುಗಳನ್ನು ಬಲೆಯಲ್ಲಿ ಕಟ್ಟಿ ಅಡ್ಡ ಇಟ್ಟರೆ ಅವು ಎಣ್ಣೆ ಹೀರುತ್ತವೆ. ತರಿಸಲು ದೂರ ಹೋಗಬೇಕಿಲ್ಲ, ಪಕ್ಕದ ಹೊಲದಲ್ಲಿ ಬಣವೆ ಇರುತ್ತದೆ. ಹಣ ಕೊಟ್ಟು ಕೊಳ್ಳಿ.

ಸೋಪಿನ ಪುಡಿ ಅಥವಾ ಎಣ್ಣೆ ಕರಗಿಸುವ ರಾಸಾಯನಿಕವನ್ನು ಹೊಳೆಗೆ ಸುರಿಯಬಾರದು. ಮೇಲೆ ಕಾಣದಂತೆ ಆಗುತ್ತದೆ, ಅಷ್ಟೇ. ಎಣ್ಣೆ ನೀರಿನೊಳಗೆ ಬೆರೆತು ಮೀನಿಗೂ ಕುಡಿಯುವ ನೀರಿಗೂ ಇನ್ನಷ್ಟು ಹತ್ತಿರವಾಗುತ್ತದೆ. ಬೆಂಕಿ ಹಚ್ಚಬಾರದು. ಎಣ್ಣೆ ಹತ್ತಿದ ಮಣ್ಣನ್ನು ಹಳೆಯ ಪರಸಿ ಕಲ್ಲಿನ ಖಣಿಯಲ್ಲಿ ತುಂಬಬಾರದು; ಅದು ಅಪಾಯಕಾರಿ ತ್ಯಾಜ್ಯ, 2016ರ ನಿಯಮದಂತೆ ಲೆಕ್ಕ ಇಟ್ಟೇ ಸಾಗಿಸಬೇಕು.

ಗುತ್ತಿಗೆ ಕಾರ್ಮಿಕರನ್ನು ಬರಿಗೈಯಲ್ಲಿ ಬಕೆಟ್ ಕೊಟ್ಟು ಇಳಿಸಬಾರದು. 2017ರ ಜನವರಿಯಲ್ಲಿ ಎಣ್ಣೂರಿನ ಹತ್ತಿರ ಎರಡು ಹಡಗು ಡಿಕ್ಕಿಯಾದಾಗ ಚೆನ್ನೈ ದಂಡೆಯಲ್ಲಿ ಜನ ಬಕೆಟ್ಟಿನಲ್ಲಿ ಎಣ್ಣೆ ಎತ್ತಿದ ಚಿತ್ರಗಳನ್ನು ದೇಶವೆಲ್ಲ ನೋಡಿತು. ಕೈಗವಸು, ಬೂಟು, ಮುಖಕವಚ ಮೊದಲು, ಕೆಲಸ ಆಮೇಲೆ. ಮುಚ್ಚಿದ ಟ್ಯಾಂಕು, ಸಂಪು, ಗಟಾರಿನೊಳಗೆ ಗಾಳಿ ಪರೀಕ್ಷೆ ಮಾಡದೆ ಯಾರನ್ನೂ ಇಳಿಸಬಾರದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊಳೆ ತೊಳೆದ ಖರ್ಚು, ಎಮ್ಮೆ ಸತ್ತ ಪರಿಹಾರ, ಊರಿಗೆ ಕೊಟ್ಟ ಟ್ಯಾಂಕರ್ ನೀರು, ಇವುಗಳನ್ನು ಸಿಎಸ್‌ಆರ್ ಲೆಕ್ಕಕ್ಕೆ ಹಾಕಬಾರದು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಬೇರೆ ಕಾನೂನಿನಂತೆ ಮಾಡಲೇಬೇಕಾದ ಕೆಲಸ ಆ ಲೆಕ್ಕದಲ್ಲಿ ಬರುವುದಿಲ್ಲ ಎಂದು ಅದರ ನಿಯಮಗಳೇ ಹೇಳುತ್ತವೆ. ಶಾಲೆಗೆ ಬೆಂಚು ಕೊಟ್ಟದ್ದಕ್ಕೆ ಊರು ನಿಮಗೆ ಹಾರ ಹಾಕಿದೆ. ಕೆಡಿಸಿದ ನೀರಿಗೆ ಬದಲು ನೀರು ಕೊಡುವಾಗ ಬ್ಯಾನರ್ ಕಟ್ಟಬೇಡಿ. ಅದು ಕೊಡುಗೆಯಲ್ಲ, ಬಾಕಿ. ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ 1986ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಅಪಾಯಕಾರಿ ಉದ್ದಿಮೆ ನಡೆಸುವವರು, ಎಷ್ಟೇ ಎಚ್ಚರ ವಹಿಸಿದ್ದೆವು ಎಂದರೂ, ಹಾನಿ ತುಂಬಿಕೊಡಬೇಕು; ಉದ್ದಿಮೆ ದೊಡ್ಡದಿದ್ದಷ್ಟು ಪರಿಹಾರವೂ ದೊಡ್ಡದಿರಬೇಕು. ಕಾರ್ಖಾನೆಯ ಒಡೆತನ ಕೈ ಬದಲಾಯಿತು ಎಂಬ ಮಾತನ್ನೂ ಹೇಳಬಾರದು. ಬೋರ್ಡು ಬದಲಾಗಿರಬಹುದು, ಹಳ್ಳ ಅದೇ ಇದೆ.

ಸರ್ಕಾರದವರಿಗೆ

ನೀರೆತ್ತುವ ಜಾಕ್‌ವೆಲ್ ಮೊದಲು ನಿಲ್ಲಿಸಬೇಕು. ಎಣ್ಣೆ ಬಂತೋ ಇಲ್ಲವೋ ನೋಡಿ ನಿಲ್ಲಿಸುವುದಲ್ಲ, ಬರುವ ಮುಂಚೆ ನಿಲ್ಲಿಸಬೇಕು. ಅದೇ ಹೊತ್ತಿಗೆ ಟ್ಯಾಂಕರ್ ನೀರು ಹೊರಡಬೇಕು. ವಾಟ್ಸಾಪಿನಲ್ಲಿ ಹಾಕಿದರೆ ಮುಗಿಯಲಿಲ್ಲ. ಡಂಗುರ ಸಾರಿಸಿ, ಗುಡಿಯ ಮೈಕು, ಮಸೀದಿಯ ಮೈಕು ಎರಡರಲ್ಲೂ ಹೇಳಿಸಿ. ಬಟ್ಟೆ ಒಗೆಯಲು ನಸುಕಿನಲ್ಲೇ ಹೊಳೆಗೆ ಹೋಗುವವರ ಕೈಯಲ್ಲಿ ಫೋನ್ ಇರುವುದಿಲ್ಲ.

ಬೋರ್‌ವೆಲ್ ಮರೆಯಬಾರದು. ನಮ್ಮ ನೆಲದ ಕೆಳಗೆ ಇರುವುದು ಸುಣ್ಣದ ಕಲ್ಲು. ಪರಸಿ ಪದರುಪದರಾಗಿ ಏಳುವುದನ್ನು ಶಹಾಬಾದಿನ ಖಣಿಯಲ್ಲಿ ನೋಡಿದವರಿಗೆ ಗೊತ್ತು, ಅದರ ಸಂದುಗಳಲ್ಲಿ ನೀರು ಹೇಗೆ ಓಡುತ್ತದೆ ಎಂದು. ಎಣ್ಣೆಯೂ ಅದೇ ದಾರಿ ಹಿಡಿಯುತ್ತದೆ. ಹೊಳೆ ತಿಳಿಯಾದ ಮೇಲೂ ದಂಡೆಯ ಬಾವಿ, ಬೋರ್‌ವೆಲ್‌ಗಳ ನೀರನ್ನು ತಿಂಗಳುಗಟ್ಟಲೆ ಪರೀಕ್ಷಿಸುತ್ತಿರಬೇಕು, ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿ ಗೋಡೆಗೆ ಹಚ್ಚಬೇಕು.

ಮಂಡಳಿಯ ಅಧಿಕಾರಿ ಮಾದರಿ ತೆಗೆಯುವಾಗ ಜಲ ಕಾಯ್ದೆಯ 21ನೇ ಕಲಮಿನ ಕ್ರಮ ತಪ್ಪಬಾರದು: ಕಾರ್ಖಾನೆಯವರಿಗೆ ನೋಟಿಸ್, ಮಾದರಿ ಎರಡು ಪಾಲು, ಸೀಲು, ಸಹಿ. ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಅಷ್ಟರಲ್ಲಿ ಹೊಳೆ ಹರಿದು ಹೋಗಿರುತ್ತದೆ. ಒಂದು ಸೀಲಿನ ತಪ್ಪಿಗೆ ಹತ್ತು ಊರಿನ ನ್ಯಾಯ ಬಿದ್ದುಹೋಗಬಾರದು. ಸೋರಿಕೆ ನಿಲ್ಲದಿದ್ದರೆ ಅದೇ ಕಾಯ್ದೆಯ 33-ಎ ಕಲಂ ಮಂಡಳಿಯ ಕೈಯಲ್ಲಿದೆ: ಘಟಕ ಮುಚ್ಚಿಸಬಹುದು, ಕರೆಂಟು, ನೀರು ಕಡಿಯಬಹುದು. ಬಳಸಿ.

ಗಡಿಯ ನೆಪ ಹೇಳಬಾರದು. ಕಾಗಿಣೆ ತೆಲಂಗಾಣದ ವಿಕಾರಾಬಾದ್ ಕಡೆಯಿಂದ, ತಾಂಡೂರು ಹಾದು ಬರುತ್ತಾಳೆ. ಮೇಲಿನವರ ಫೋನ್ ನಂಬರ್ ಇಲ್ಲಿಯ ತಹಶೀಲ್ದಾರರ ಬಳಿ, ಇಲ್ಲಿಯವರದು ಯಾದಗಿರಿಯವರ ಬಳಿ ಇಂದೇ ಇರಬೇಕು.

ಪಂಚನಾಮೆ ಊರವರ ಎದುರೇ ಆಗಬೇಕು. ತೊಗರಿ ಹೊಲಕ್ಕೆ ನುಗ್ಗಿದ ಎಣ್ಣೆ, ಸತ್ತ ಮೀನು, ಕೆಚ್ಚಲು ಬಾತ ಎಮ್ಮೆ, ಕೂಲಿ ತಪ್ಪಿದ ದಿನಗಳು, ಎಲ್ಲವೂ ಬರೆಯಲ್ಪಡಬೇಕು. ಕಂಪನಿಯ ವಾಹನದಲ್ಲಿ ಬಂದು ಕಂಪನಿಯ ಅತಿಥಿಗೃಹದಲ್ಲಿ ಕುಳಿತು ಬರೆಯಬಾರದು.

ಊರವರಿಗೆ

ಟ್ಯಾಂಕರ್ ಮಗುಚಿದರೆ ಬಿಂದಿಗೆ, ಕ್ಯಾನು ಹಿಡಿದು ಓಡಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. 2017ರ ಜೂನ್ 25ರಂದು ಪಾಕಿಸ್ತಾನದ ಬಹಾವಲಪುರದ ಹತ್ತಿರ ಮಗುಚಿದ ಟ್ಯಾಂಕರಿನ ಪೆಟ್ರೋಲ್ ತುಂಬಿಕೊಳ್ಳಲು ಹೋದವರಲ್ಲಿ 200ಕ್ಕೂ ಹೆಚ್ಚು ಜನ ಸುಟ್ಟು ಸತ್ತರು. ರಂಜಾನ್ ಹಬ್ಬಕ್ಕೆ ಒಂದು ದಿನವಿತ್ತು. ಹಿಂದೆ ಸರಿಯಿರಿ, ಗಾಳಿ ಬೀಸಿ ಬರುವ ದಿಕ್ಕಿಗೆ ನಿಲ್ಲಿರಿ, ಬೀಡಿ ಹಚ್ಚಬೇಡಿ, ಬೈಕ್ ಚಾಲೂ ಮಾಡಬೇಡಿ. ಟ್ಯಾಂಕರ್ ಮೇಲಿನ ಫಲಕದ ನಾಲ್ಕು ಅಂಕಿ ದೂರದಿಂದ ಓದಿ 112ಕ್ಕೆ ಹೇಳಿ. 1203 ಎಂದರೆ ಪೆಟ್ರೋಲ್, 1202 ಡೀಸೆಲ್, 1075 ಅಡುಗೆ ಅನಿಲ.

ಎಣ್ಣೆ ಹೀರಿದ ಕಣಿಕೆಯನ್ನು ದನಕ್ಕೆ ಹಾಕಬಾರದು, ಒಲೆಗೂ ಹಾಕಬಾರದು. ಎಣ್ಣೆ ನೀರಿನಲ್ಲಿ ಸತ್ತ ಮೀನು ಅಗ್ಗಕ್ಕೆ ಸಿಕ್ಕಿತೆಂದು ತರಬಾರದು.

ಗಾಜಿನ ಬಾಟಲಿಯಲ್ಲಿ ನೀರು ತುಂಬಿ, ಮುಚ್ಚಿ, ತಾರೀಖು, ಹೊತ್ತು, ಜಾಗ ಬರೆದಿಡಿ, ಫೋಟೋ ತೆಗೆಯಿರಿ. ಈ ಬಾಟಲಿ ಕೋರ್ಟಿನ ಪುರಾವೆಯಲ್ಲ, ಆದರೆ ಅಧಿಕಾರಿಯನ್ನು ಹಳ್ಳಕ್ಕೆ ಕರೆತರಲು ಸಾಕು. ಅರ್ಜಿ ಕೊಟ್ಟರೆ ಸ್ವೀಕೃತಿ ತೆಗೆದುಕೊಳ್ಳದೆ ಕಚೇರಿ ಮೆಟ್ಟಿಲು ಇಳಿಯಬೇಡಿ.

“ಇನ್ನು ಯಾವ ತಕರಾರೂ ಇಲ್ಲ” ಎಂಬ ಕಾಗದಕ್ಕೆ ಸಹಿ ಮಾಡಬೇಡಿ, ಹೆಬ್ಬೆಟ್ಟು ಒತ್ತಬೇಡಿ, ಕೈಯಲ್ಲಿ ನೋಟು ಹಿಡಿದು ನಿಂತವರು ನಿಮ್ಮ ಸಂಬಂಧಿಕರೇ ಆಗಿದ್ದರೂ ಸರಿ. 1991ರ ಸಾರ್ವಜನಿಕ ಹೊಣೆ ವಿಮಾ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕಲು 5 ವರ್ಷ ಸಮಯವಿದೆ. ಯಾರ ತಪ್ಪು ಎಂದು ನೀವು ಸಾಬೀತು ಮಾಡಬೇಕಿಲ್ಲ. ಚೆನ್ನೈಯಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಪೀಠಕ್ಕೂ ಪರಿಹಾರಕ್ಕಾಗಿ 5 ವರ್ಷದೊಳಗೆ ಹೋಗಬಹುದು. ವಿಶಾಖಪಟ್ಟಣದಲ್ಲಿ 2020ರ ಮೇ 7ರಂದು ಅನಿಲ ಸೋರಿದಾಗ ಇದೇ ನ್ಯಾಯಮಂಡಳಿ ಮರುದಿನವೇ ಕಂಪನಿಗೆ 50 ಕೋಟಿ ರೂಪಾಯಿ ಠೇವಣಿ ಇಡಲು ಹೇಳಿತ್ತು. ವಕೀಲರಿಗೆ ಹಣವಿಲ್ಲ ಎಂದು ಕೂರಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, ನಂಬರ್ 15100.

ಮೃಗಶಿರಾ ಮಳೆಗೆ ಮುಂಚೆ

ಪ್ರತಿ ವರ್ಷ ಮೇ ಕೊನೆಯ ವಾರ, ಪಂಚಾಯಿತಿ ಸದಸ್ಯರಿಬ್ಬರನ್ನು ಕಾರ್ಖಾನೆಯ ಒಳಗೆ ಕರೆದು, ಅವರ ಕಣ್ಣೆದುರು ಎಣ್ಣೆ ಟ್ಯಾಂಕಿನ ಕಟ್ಟೆಗೆ ನೀರು ತುಂಬಿಸಿ ನೋಡಬೇಕು. ವಾಲ್ವ್ ಮುಚ್ಚಿ ಬೀಗ ಹಾಕಬೇಕು. ಕೀಲಿ ಯಾರ ಬಳಿ ಇದೆ ಎಂಬುದನ್ನು, ಪರೀಕ್ಷಿಸಿದ ತಾರೀಖನ್ನು ಟ್ಯಾಂಕಿನ ಗೋಡೆಯ ಮೇಲೆ ಕನ್ನಡದಲ್ಲಿ, ಗೇಟಿನಿಂದ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆಸಬೇಕು.