ಕಾಳಿನ ಹುಳ: ಮುಚ್ಚಳ ಹಾಕುವ ಮೊದಲೇ ತಡೆಯಿರಿ

ನಮ್ಮದು ಖುಷ್ಕಿ ಜಮೀನು. ರಾಗಿ, ತೊಗರಿ, ಅವರೆ, ಹುರುಳಿ ಬೆಳೀತೀವಿ. ವರ್ಷದ ಊಟಕ್ಕೂ ಮುಂದಿನ ಬಿತ್ತನೆಗೂ ಮನೆ ಕಾಳೇ ಆಗಬೇಕು. ರಾಗಿಯ ಚಿಂತೆ ಇಲ್ಲ. ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಇರುತ್ತೆ. ಹುಳದ ಕಾಟವೆಲ್ಲ ಬೇಳೆಕಾಳಿಗೆ.

'ಡಬ್ಬ ಭದ್ರವಾಗೇ ಇತ್ತಲ್ಲ, ಹುಳ ಎಲ್ಲಿಂದ ಬಂತು?' ಅಂತ ಹಲವರು ಕೇಳ್ತಾರೆ. ಬಹಳ ಸಲ ಅದು ಹೊಲದಿಂದಲೇ ಬಂದಿರುತ್ತದೆ. ಕಾಯಿ ಒಣಗುವಾಗಲೇ ಹೆಣ್ಣು ಹುಳ ಮೊಟ್ಟೆ ಇಡುತ್ತದೆ. ಮರಿ ಕಾಳಿನೊಳಗೆ ಕೊರೆದು ಹೋಗಿ ತಿರುಳು ತಿಂದು, ಸುಮಾರು ತಿಂಗಳಿಗೆ ದುಂಡನೆ ತೂತು ಮಾಡಿ ಹೊರಬರುತ್ತದೆ. ಆಮೇಲೆ ಡಬ್ಬದಲ್ಲೇ ಮತ್ತೆ ಮೊಟ್ಟೆ. ಕಾಳಿಗೆ ಅಂಟಿದ ಬಿಳಿ ಚುಕ್ಕೆ ಕಂಡರೆ ಅದೇ ಅಂತ ತಿಳೀರಿ.

ನಾವು ಅನುಸರಿಸುವ ಕ್ರಮ ಹೀಗಿದೆ:

1. ಎರಡು ಮೂರು ದಿನ ಗಟ್ಟಿ ಬಿಸಿಲಿಗೆ ಹಾಕಬೇಕು. ಹಲ್ಲಲ್ಲಿ ಕಚ್ಚಿದರೆ 'ಕಟ್' ಅನ್ನಬೇಕು. ಆರಿದ ಮೇಲೆ ತುಂಬಿ. ಬಿಸಿ ಕಾಳು ಡಬ್ಬದಲ್ಲಿ ಬೆವರುತ್ತೆ.

2. ಹಳೆ ಕಾಳಿನ ಮೇಲೆ ಹೊಸದು ಸುರಿಯಬಾರದು. ಡಬ್ಬದ ಮೂಲೆಯ ಹಿಟ್ಟು ಕೆರೆದು, ತೊಳೆದು ಒಣಗಿಸಿ.

3. ಊಟದ ತೊಗರಿಯನ್ನು ಕೆಮ್ಮಣ್ಣು ಕಟ್ಟಿ, ಒಣಗಿಸಿ, ಬೇಳೆ ಮಾಡಿಡುತ್ತೇವೆ. ಈ ಹುಳ ಮೊಟ್ಟೆಯಿಡಲು ಹುಡುಕೋದು ಇಡೀ ಕಾಳನ್ನು. ಒಡೆದ ಬೇಳೆಯಲ್ಲಿ ಅದರ ಸಂತಾನ ಬೆಳೆಯೋದು ಕಷ್ಟ.

4. ಇಡೀ ಕಾಳಾದರೆ ಕಿಲೋಗೆ ಒಂದು ಟೀ ಚಮಚ (5 ಮಿ.ಲೀ.) ಹರಳೆಣ್ಣೆ ಹಾಕಿ, ಎಲ್ಲ ಕಾಳಿಗೂ ಹತ್ತುವ ಹಾಗೆ ಉಜ್ಜಬೇಕು. ಮೊಟ್ಟೆ ಮರಿಯಾಗುವುದಿಲ್ಲ.

5. ಬೀಜದ ಕಾಳಿಗೆ ಜರಡಿ ಹಿಡಿದ ಒಣ ಬೂದಿ ಬೆರೆಸಿ ಮಡಕೆಗೆ ತುಂಬುತ್ತೇವೆ. ಮೇಲೆ ಎರಡು ಬೆರಳು ದಪ್ಪ ಬೂದಿ ಹಾಕಿ ಬಾಯಿ ಮೆತ್ತುತ್ತೇವೆ.

ಬೇವಿನ ಸೊಪ್ಪು ಹಾಕುವವರು ನೆರಳಲ್ಲಿ ಒಣಗಿಸಿ ಹಾಕಿ. ಹಸಿ ಸೊಪ್ಪಿನ ತೇವಕ್ಕೆ ಕಾಳು ಬೂಷ್ಟು ಹಿಡಿಯುತ್ತೆ.

ಒಂದು ಮಾತು ಮರೀಬೇಡಿ. ಗೋದಾಮಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆ ಕಾಳಿಗೆ ಹಾಕಬೇಡಿ. ಗಾಳಿಯ ತೇವ ತಗುಲಿದರೂ ಸಾಕು, ಅದು ವಿಷದ ಗಾಳಿ ಬಿಡುತ್ತದೆ. ಅದೇ ಸೂರಿನಡಿ ಮಲಗಿದ ಮಕ್ಕಳು ಮರಿಗಳ ಜೀವಕ್ಕೇ ಅಪಾಯ. ಆ ವಿಷಕ್ಕೆ ಪ್ರತಿಮದ್ದಿಲ್ಲ. ಕಾಳು ಹೋದರೆ ಕೊಂಡು ತರಬಹುದು.

ಇಷ್ಟೆಲ್ಲ ಮಾಡಿದರೂ ಊಟದ ಕಾಳನ್ನು ಇಪ್ಪತ್ತು ದಿನಕ್ಕೊಮ್ಮೆ ನೋಡ್ತಾ ಇರಬೇಕು. ಕೈಗೆ ಹಿಟ್ಟು ಹತ್ತಿದರೆ ಅವತ್ತೇ ಜರಡಿ ಹಿಡಿದು, ಮನೆಯಿಂದ ದೂರ ಬಿಸಿಲಿಗೆ ಹರಡಿ. ಜರಡಿಯಿಂದ ಉದುರಿದ ಹುಳ ಕೋಳಿಗೆ ಆಗುತ್ತೆ.