ಖಾಲಿ ನಡಾವಳಿಗೆ ಸಹಿ ಹಾಕಬೇಡಿ

ಕಸದ ದೂರು ಹಿಡಿದು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಸೋತ ಮೇಲೆ ಬರುತ್ತಾರೆ. ಕೆರೆ ಏರಿಯ ಮೇಲೆ ಪ್ಲಾಸ್ಟಿಕ್ ಸುಡುತ್ತಿದ್ದಾರೆ, ಶಾಲೆಯ ಕಾಂಪೌಂಡಿಗೆ ಒತ್ತಿಕೊಂಡು ತಿಪ್ಪೆ ಬೆಳೆದಿದೆ, ವಾರ ಕಳೆದರೂ ಗಾಡಿ ಬಂದಿಲ್ಲ. ಪಂಚಾಯಿತಿಯಲ್ಲಿ ಕೇಳಿದರೆ ‘ಅನುದಾನ ಬಂದಿಲ್ಲ’ ಅನ್ನುತ್ತಾರೆ, ಇವರು ವಾಪಸ್ ಬಂದುಬಿಡುತ್ತಾರೆ. ಆ ಮಾತನ್ನು ನಂಬುವ ಮೊದಲು ಲೆಕ್ಕ ತಿಳಿದಿರಬೇಕು.

ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ ಎರಡನೇ ಹಂತದಲ್ಲಿ 5,000ದವರೆಗೆ ಜನಸಂಖ್ಯೆಯ ಹಳ್ಳಿಗೆ ಘನತ್ಯಾಜ್ಯಕ್ಕೆಂದೇ ತಲಾ 60 ರೂಪಾಯಿವರೆಗೆ, ಅದಕ್ಕಿಂತ ದೊಡ್ಡ ಊರಿಗೆ ತಲಾ 45 ರೂಪಾಯಿವರೆಗೆ ನಿಗದಿಯಾಯಿತು. 2,000 ಜನರ ಊರೆಂದರೆ 1,20,000 ರೂಪಾಯಿ. ಅದರಲ್ಲಿ ಶೇ 30 ಹಣಕಾಸು ಆಯೋಗದ ಅನುದಾನದಿಂದ ಬರಬೇಕು, ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಕೊಡಬೇಕು. ಇದಲ್ಲದೆ 2021-22ರಿಂದ 2025-26ರವರೆಗೆ 15ನೇ ಹಣಕಾಸು ಆಯೋಗದ ಹಣ ವರ್ಷಾವರ್ಷ ಪಂಚಾಯಿತಿಗೆ ನಿಗದಿಯಾಗಿತ್ತು. ಅದರ ಶೇ 60 ನಿರ್ಬಂಧಿತ ಅನುದಾನ: ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯಕ್ಕೆ. ಸಿಸಿ ರಸ್ತೆಗೆ ಅದನ್ನು ಮುಟ್ಟುವಂತಿಲ್ಲ.

ಒಂದು ವಿನಾಯಿತಿ ಇದೆ, ಜನ ಬೀಳುವ ಹಳ್ಳವೂ ಅದೇ. ನೈರ್ಮಲ್ಯದ ಅಗತ್ಯ ಪೂರ್ತಿ ತೀರಿದೆ ಎಂದಾದರೆ ಆ ಹಣವನ್ನು ನೀರಿನ ಬಾಬ್ತಿಗೆ ಬಳಸಬಹುದು. ತೀರಿದೆ ಎಂದು ದೃಢೀಕರಿಸಬೇಕಾದದ್ದು ಗ್ರಾಮಸಭೆ, ಅಂದರೆ ನೀವು.

ಗ್ರಾಮಸಭೆಗೆ ಕೋರಂ ಬೇಕು: ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಅಷ್ಟು ಜನ ಸೇರುವುದು ಅಪರೂಪ. ಹಾಗಾಗಿ ಮಾರನೇ ದಿನ ಬಿಲ್ ಕಲೆಕ್ಟರೋ ನೀರುಗಂಟಿಯೋ ಉದ್ದನೆಯ ಪುಸ್ತಕ ಹಿಡಿದು ಬೀದಿಗೆ ಬರುತ್ತಾರೆ. ನಲ್ಲಿ ಹತ್ತಿರ ನಿಂತ ಹೆಂಗಸರಿಗೆ ‘ಒಂದ್ ಸೈನ್ ಹಾಕ್ಬುಡಕ್ಕ’ ಅನ್ನುತ್ತಾರೆ. ಪುಟದ ಮೇಲ್ಭಾಗ ಖಾಲಿ, ಕೆಳಗೆ ಸಹಿ, ಹೆಬ್ಬೆಟ್ಟು. ಮೇಲಿನ ಜಾಗ ಆಮೇಲೆ ತುಂಬುತ್ತದೆ. ಇಂಥದೊಂದು ಪುಟದ ನಕಲು ನಾನು ನೋಡಿದ್ದೇನೆ. ಕಸದ ವಿರುದ್ಧ ಅರ್ಜಿ ಕೊಟ್ಟವರದೇ ಸಹಿ, ಮೇಲೆ ‘ಗ್ರಾಮದಲ್ಲಿ ನೈರ್ಮಲ್ಯದ ಸಮಸ್ಯೆ ಇರುವುದಿಲ್ಲ’ ಎಂಬ ಬರಹ. ಬಡವರ ಸಹಿಯನ್ನು ಅವರ ವಿರುದ್ಧವೇ ತಿರುಗಿಸುವ ಈ ಕೆಲಸ ನೋಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆದ್ದರಿಂದ ಬರೆದದ್ದನ್ನು ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಖಾಲಿ ಇದ್ದರೆ ಬೇಡವೇ ಬೇಡ. ‘ಸೈನ್ ಹಾಕದಿದ್ದರೆ ಮನೆ ಬರಲ್ಲ, ಪಿಂಚಣಿ ನಿಲ್ಲುತ್ತೆ’ ಎಂದು ಹೆದರಿಸಿದರೆ ಅದು ಸುಳ್ಳು. ಆಗಲೇ ಸಹಿ ಹಾಕಿದ್ದೀರಾ? ಆ ದಿನಾಂಕದ ನಡಾವಳಿಯ ನಕಲನ್ನು ಮಾಹಿತಿ ಹಕ್ಕಿನಲ್ಲಿ ಇಂದೇ ಕೇಳಿ.

ಅರ್ಜಿಗೆ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಪಂಚಾಯಿತಿ ಬಾಗಿಲಲ್ಲಿ ಕೂತು ಅರ್ಜಿ ಬರೆದುಕೊಡಲು 500 ಕೀಳುವವರ ಸಹವಾಸ ಬೇಡ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ. ಮಧ್ಯವರ್ತಿ ಬೀದಿದೀಪ, ಚರಂಡಿ, ನರೇಗಾ ಎಲ್ಲ ಸೇರಿಸಿ ನಾಲ್ಕು ಪುಟ ಬರೆಯುತ್ತಾನೆ, ಆ ನೆಪದಲ್ಲೇ ಅರ್ಜಿ ವಾಪಸ್ ಬರುತ್ತದೆ. ‘ಕಸ ಏಕೆ ಎತ್ತಿಲ್ಲ’ ಎಂದೂ ಕೇಳಬೇಡಿ. ನಿರ್ದಿಷ್ಟ ವರ್ಷದ ನೈರ್ಮಲ್ಯ ಅನುದಾನದ ನಗದು ಪುಸ್ತಕ ಮತ್ತು ವೋಚರುಗಳ ನಕಲು ಕೇಳಿ. ನಡಾವಳಿಗೆ ಬೇರೆ ಅರ್ಜಿ ಹಾಕಿ.

30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಸಾಮಾನ್ಯವಾಗಿ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ. ಮೊದಲು ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದ ಶಾಗ್ಯ ಗ್ರಾಮದವರು ಇಲ್ಲಿ ಎಚ್ಚರವಾಗಿರಿ: ನಿಮ್ಮ ತಾಲ್ಲೂಕು ಈಗ ಹನೂರು. ಹಳೇ ರೂಢಿಯಲ್ಲಿ ಕೊಳ್ಳೇಗಾಲಕ್ಕೆ ಕಳಿಸಿದರೆ ಕಾಗದ ಅಲೆಯುತ್ತದೆ, ದಿನ ಓಡುತ್ತದೆ. ಅವಧಿ ಮೀರಿ ಕೊಟ್ಟ ಮಾಹಿತಿಗೆ ನಕಲು ಶುಲ್ಕ ಕೇಳುವಂತಿಲ್ಲ. ಕೇಳುತ್ತಾರೆ, ಕೊಡಬೇಡಿ.

ದಂಡದ ವಿಚಾರವೂ ಇದೆ. ಕಸ ಬೇರ್ಪಡಿಸದವರಿಗೆ, ಬೀದಿಗೆ ಸುರಿಯುವವರಿಗೆ ದಂಡ ಹಾಕಲೇಬೇಕು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಉಪವಿಧಿ ತೋರಿಸಲಿ, ರಸೀದಿ ಕೊಡಲಿ. ರಸೀದಿ ಇಲ್ಲದ ದಂಡ ಪಂಚಾಯಿತಿಗೆ ಸೇರುವುದಿಲ್ಲ.

ಪಂಚಾಯಿತಿಯವರೇ ಕಸ ಸುರಿದು ಬೆಂಕಿ ಹಾಕುತ್ತಿದ್ದರೆ ಶಾಗ್ಯದವರು ಕೊಳ್ಳೇಗಾಲದ ಉಪವಿಭಾಗಾಧಿಕಾರಿಗೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಅರ್ಜಿ ಕೊಡಿ. ಸಾರ್ವಜನಿಕ ಉಪದ್ರವ ತೆಗೆಸುವ ಆದೇಶ ಮಾಡುವ ಅಧಿಕಾರ ಅವರಿಗಿದೆ. ಹಳೆಯ ಸಿಆರ್‌ಪಿಸಿಯ 133ನೇ ಕಲಮು ಇದೇ. ಅದರಡಿ ಮಧ್ಯಪ್ರದೇಶದ ರತ್ಲಾಂ ಜನ ಹೋರಾಡಿದಾಗ, ಹಣವಿಲ್ಲ ಎಂಬ ನೆಪ ಹೇಳಿ ನೈರ್ಮಲ್ಯದ ಹೊಣೆಯಿಂದ ಪುರಸಭೆ ತಪ್ಪಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತು. ‘ಅನುದಾನ ಬಂದಿಲ್ಲ’ ಎಂದವರಿಗೆ ‘1980ರ ರತ್ಲಾಂ ಪುರಸಭೆ ತೀರ್ಪು’ ಎಂದು ಅರ್ಜಿಯಲ್ಲೇ ಬರೆದು ಕೊಡಿ. ಜೊತೆಗೆ ದಿನಾಂಕವಿರುವ ಫೋಟೊ, ಹಿಂದಿನ ದೂರುಗಳ ಸ್ವೀಕೃತಿ ಇರಲಿ. ಬಾಯಿಮಾತಿನ ದೂರಿಗೆ ಸ್ವೀಕೃತಿ ಸಿಗುವುದಿಲ್ಲ. ಕಚೇರಿಯಲ್ಲಿ ಮೊಹರು ಹಾಕಿಕೊಡಲು ಒಪ್ಪದಿದ್ದರೆ ವಾದಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಕೀಲರ ಶುಲ್ಕ ಕೊಡಲಾಗದ ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರು ಕೊಳ್ಳೇಗಾಲದ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಅವರಿಗೆ ಉಚಿತ ವಕೀಲರ ನೆರವು ಕಾನೂನಿನಲ್ಲೇ ಇದೆ.